ಸಿನಿಮಾ ಶಾಲೆಯಲ್ಲಿ ಸಾಯುವ ಅವಕಾಶ

ಕಳೆದ ವಾರ ಬಸವೇಶ್ವರನಗರದಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನಲ್ಲಿ ನನ್ನ ಮರ್ಯಾದೆ ಹೋಯಿತು. ಹೆಂಗಸರಿಗೆ ಟಿಕೆಟ್ಟು ಉಚಿತ, ನಿಜ. ಆದರೆ ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸಬೇಕು. ಕನ್ನಡಕ ಬ್ಯಾಗಿನ ತಳದಲ್ಲೆಲ್ಲೋ ಇತ್ತು. ಕೈಗೆ ಸಿಕ್ಕಿದ ಕಾರ್ಡನ್ನು ತೆಗೆದು ಹಿಡಿದೆ. ಕಂಡಕ್ಟರು ಚಿಕ್ಕ ವಯಸ್ಸಿನವನು. ಕಾರ್ಡನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾರ್ಡನ್ನು ನೋಡಿದ.

"ಆಂಟಿ, ಇದು ಸ್ಟೂಡೆಂಟ್ ಕಾರ್ಡು. ಮೊಮ್ಮಗಳದ್ದು ತಂದ್ಬಿಟ್ಟಿದೀರ."

"ಫೋಟೋ ನೋಡಪ್ಪ," ಎಂದೆ.

ನೋಡಿದ. ನೋಡಿದ್ದಷ್ಟೇ ಅಲ್ಲ, ಇಡೀ ಬಸ್ಸಿಗೆ ಕೇಳುವಂತೆ ಓದಿದ. "ವಿಶಾಲಾಕ್ಷಿ. ವಿದ್ಯಾರ್ಥಿನಿ. ಸಿನಿಮಾ ಶಾಲೆ! ಏನ್ ಆಂಟಿ, ಹೀರೋಯಿನ್ನಾ?"

"ಇಲ್ಲಪ್ಪ, ಹೆಣ."

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕಿಟಕಿಯ ಕಡೆಗೆ ಒಂದು ಗೇಣು ಸರಿದರು. ವಿವರಿಸೋಣವೆಂದರೆ ಅವರು ಇಳಿಯುವ ಸ್ಟಾಪು ಬಂದೇಬಿಟ್ಟಿತು. ಅಥವಾ ಬಂದಂತೆ ಮಾಡಿಕೊಂಡು ಇಳಿದರೋ ಗೊತ್ತಿಲ್ಲ. ನಿಮಗಂತೂ ಇಳಿಯುವ ಆತುರವಿಲ್ಲವಷ್ಟೆ? ಕೇಳಿ.

ನಾನು ದೂರವಾಣಿ ಇಲಾಖೆಯಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರಾಗಿ ಸೇರಿದವಳು. ಟ್ರಂಕ್ ಕಾಲ್ ಎಂದರೇನೆಂದು ಮನೆಯ ಮಕ್ಕಳು ಕೇಳಿದರೆ ನೀವೇ ಹೇಳಿಕೊಳ್ಳಿ, ನನಗೆ ಹೇಳಿ ಹೇಳಿ ಸಾಕಾಗಿದೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ದಿನವಿಡೀ ಅಪರಿಚಿತರ ದನಿ ಕೇಳುವುದೇ ನನ್ನ ಕೆಲಸ. ಯಾವ ಊರಿನವರು, ಊಟ ಮಾಡಿದ್ದಾರೋ ಇಲ್ಲವೋ, ಹೆಂಡತಿ ಪಕ್ಕದಲ್ಲೇ ನಿಂತಿದ್ದಾಳೋ ಎನ್ನುವುದೆಲ್ಲ "ಹಲೋ" ಅನ್ನುವುದರಲ್ಲೇ ಗೊತ್ತಾಗುತ್ತಿತ್ತು. ಕೆಮ್ಮಿನಿಂದಲೇ ನಾನು ಗುರುತು ಹಿಡಿಯುತ್ತಿದ್ದ ವ್ಯಾಪಾರಸ್ಥರೊಬ್ಬರು, ಇವಳು ಮಂತ್ರಗಾತಿಯೇ ಇರಬೇಕೆಂದು ಮೇಲಿನವರ ಹತ್ತಿರ ದೂರು ಕೊಟ್ಟಿದ್ದರು.

ಈ ಕಿವಿ ಬಂದದ್ದು ಮಾತ್ರ ಇಲಾಖೆಯಿಂದಲ್ಲ. ನಾನು ಹುಟ್ಟಿ ಬೆಳೆದ ವಠಾರ ಮಾಗಡಿ ರಸ್ತೆಯ ಒಂದು ಚಿತ್ರಮಂದಿರದ ಹಿಂದುಗಡೆ ಇತ್ತು. ನಮ್ಮ ಅಡಿಗೆಮನೆಗೂ ಚಿತ್ರಮಂದಿರಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಬೇಳೆ ಬೇಯುವಾಗ ನಾಯಕಿ ಅಳುತ್ತಿದ್ದಳು. ಒಗ್ಗರಣೆಯ ಹೊತ್ತಿಗೆ ಸರಿಯಾಗಿ ಹೊಡೆದಾಟ ಶುರುವಾಗುತ್ತಿತ್ತು. ಅಪ್ಪ ನಮ್ಮನ್ನು ವರ್ಷಕ್ಕೊಂದು ಸಿನಿಮಾಕ್ಕೆ ಕರೆದುಕೊಂಡು ಹೋದರೆ ಹೆಚ್ಚು. ಹೀಗಾಗಿ ನಾನು ನೋಡಿದ ಸಿನಿಮಾಗಳು ಬೆರಳೆಣಿಕೆ, ಕೇಳಿದವು ನೂರಾರು. ಒಮ್ಮೆ ಇಪ್ಪತ್ತೊಂದು ದಿನ ಗೋಡೆಯಾಚೆಯಿಂದ ಕೇಳಿ, ಪ್ರೀತಿಸಿ, ಮನಸ್ಸಿನಲ್ಲೇ ಮದುವೆಯನ್ನೂ ಆಗಿಬಿಟ್ಟಿದ್ದ ಒಂದು ದನಿಯನ್ನು ಕೊನೆಗೆ ಪರದೆಯ ಮೇಲೆ ನೋಡಿದೆ. ಅದು ಖಳನಾಯಕನದು. ಮನೆಗೆ ಬಂದು ಜ್ವರ ಹಿಡಿದು ಮಲಗಿದ್ದೆ.

ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕುಳಿತ ಮೇಲೆ ಕೇಳುವುದಕ್ಕೆ ಉಳಿದದ್ದು ನಮ್ಮವರು ನೋಡುವ ಧಾರಾವಾಹಿಗಳು ಮಾತ್ರ. ಒಂದು ಸಂಜೆ ಅವರು ಕಡಲೆಕಾಯಿ ಸಿಪ್ಪೆ ಹಾಕಿಕೊಳ್ಳಲು ಪೇಪರಿನ ಜೊತೆ ಬಂದ ಕರಪತ್ರವೊಂದನ್ನು ಹಾಸಿಕೊಂಡಿದ್ದರು. ಸಿಪ್ಪೆ ಸರಿಸಿ ಓದಿದೆ. "ನಮ್ಮ ಸಿನಿಮಾ ಶಾಲೆಯ ವಿದ್ಯಾರ್ಥಿಗಳಿಗೆ ಇರುವ ಅವಕಾಶಗಳು" ಎಂದು ದಪ್ಪಕ್ಷರದಲ್ಲಿತ್ತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಕಥೆ, ನಟನೆ ಎಲ್ಲ ಮುಗಿದ ಮೇಲೆ ಕೆಳಗೆ, ಜಾಗ ಉಳಿದಿತ್ತು ಎನ್ನುವ ಕಾರಣಕ್ಕೇ ಸೇರಿಸಿದ ಹಾಗೆ, ಧ್ವನಿಗ್ರಹಣ.

ಶಾಲೆ ಇದ್ದದ್ದು ಶ್ರೀಗಂಧದ ಕಾವಲಿನ ಹತ್ತಿರ, ಒಂದು ಪ್ಲೈವುಡ್ ಅಂಗಡಿಯ ಮೇಲೆ. ಮೆಟ್ಟಿಲು ಹತ್ತಿ ಹೋದರೆ ಮೇಜಿನ ಹಿಂದಿದ್ದ ಹುಡುಗಿ, "ಮೊಮ್ಮಗ ಬಂದಿಲ್ವಾ ಆಂಟಿ?" ಎಂದಳು.

"ಮೊಮ್ಮಗ ಇನ್ನೂ ಹುಟ್ಟಿಲ್ಲಮ್ಮ. ನಾನೇ ಸೇರೋಕೆ ಬಂದಿರೋದು."

ಅವಳು ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ವಯಸ್ಸಿನ ಮಿತಿ ಹಾಕುವುದನ್ನು ಅವರು ಮರೆತಿದ್ದರು. ನನ್ನಂಥವರು ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲವಂತೆ.

ಧ್ವನಿ ವಿಭಾಗದಲ್ಲಿ ನಾವು ಐದು ಜನ. ಪಾಠ ಹೇಳುವ ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರು ಒಳಗೆ ಬಂದಾಗ ನಾನು ಎದ್ದು ನಿಲ್ಲುತ್ತಿದ್ದೆ. ನಾನು ನಿಂತೆನೆಂದು ಅವರು ಕೂರುತ್ತಿರಲಿಲ್ಲ. ಹತ್ತು ನಿಮಿಷ ಹೀಗೇ ಹೋಗುತ್ತಿತ್ತು. ಕೆಳಗೆ ಅಂಗಡಿಯಲ್ಲಿ ಗರಗಸ ಓಡುತ್ತಿದ್ದುದರಿಂದ, ನಮ್ಮ ತರಗತಿಯವರು ಅಭ್ಯಾಸಕ್ಕೆಂದು ಮುದ್ರಿಸಿಕೊಂಡ ಹಕ್ಕಿ, ಮಳೆ, ಮಗುವಿನ ನಗು ಯಾವುದನ್ನು ಹಾಕಿದರೂ ಹಿಂದೆ ಯಾರೋ ಕಪಾಟು ಮಾಡಿಸುತ್ತಿದ್ದ ಹಾಗೆ ಕೇಳುತ್ತಿತ್ತು.

ಮೊದಲನೆಯ ವಾರವೇ ಬಸವರಾಜ ಬಂದ. ನಿರ್ದೇಶನ ವಿಭಾಗದವನು, ಬಾಗಲಕೋಟೆ ಕಡೆಯ ಹುಡುಗ. ವಿಜಯನಗರದಲ್ಲಿ ರೂಮು, ಸಂಜೆ ಬೈಕಿನಲ್ಲಿ ಮನೆಮನೆಗೆ ಹೋಟೆಲ್ ಊಟ ತಲುಪಿಸುವ ಕೆಲಸ. ಶಾಲೆಯ ಕ್ಯಾಮೆರಾವನ್ನು ಅದೇ ಊಟದ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದನಾದ್ದರಿಂದ ಅವನು ತೆಗೆದ ದೃಶ್ಯಗಳಿಗೆ ಒಂದು ಬಗೆಯ ಬಿರಿಯಾನಿಯ ಮಬ್ಬು ಇರುತ್ತಿತ್ತು.

"ಅಮ್ಮಾರ, ಒಂದ್ ಸಲ ಸಾಯ್ತೀರೇನ್ರಿ?" ಎಂದು ಕೇಳಿದ.

"ಏನಪ್ಪಾ?"

"ಬರೇ ಹತ್ತ ನಿಮಿಷ ರೀ. ಮಾತಿಲ್ಲ, ಏನಿಲ್ಲ. ಸುಮ್ನ ಮಕ್ಕೊಂಡ್ರ ಆತು."

ಇಡೀ ಶಾಲೆಯಲ್ಲಿ ಮೂವತ್ತು ದಾಟಿದ ವಿದ್ಯಾರ್ಥಿ ನಾನೊಬ್ಬಳೇ. ಮಕ್ಕಳು ಬರೆಯುವ ಕಥೆಗಳಲ್ಲೋ, ಯಾಕೆ ಹಾಗೆಂದು ನನಗಿಂದಿಗೂ ತಿಳಿದಿಲ್ಲ, ಒಬ್ಬ ಅಜ್ಜಿ ಇರಲೇಬೇಕು ಮತ್ತು ಅವಳು ಸಾಯಲೇಬೇಕು. ಸತ್ತೆ. ಹತ್ತು ನಿಮಿಷವೆಂದದ್ದು ಮಧ್ಯಾಹ್ನದವರೆಗೂ ಆಯಿತು. ಮೂಗಿಗೆ ಇಟ್ಟ ಹತ್ತಿ ಕಚಗುಳಿಯಿಟ್ಟು ಎರಡು ಸಲ ಸೀನಿದೆ. ಆದರೂ ಚೆನ್ನಾಗಿ ಸತ್ತೆನೆಂದು ಹೆಸರು ಬಂತು. ಮರುದಿನದಿಂದ ಸಾಲುಗಟ್ಟಿದರು. ಮಂಚದ ಮೇಲೆ ಸತ್ತೆ, ಮೆಟ್ಟಿಲಿನ ಕೆಳಗೆ ಸತ್ತೆ, ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಸಿಮೆಂಟಿನ ಮೂಟೆಗಳ ನಡುವೆ ಸತ್ತೆ, ಕೆಂಗೇರಿಯ ಒಬ್ಬಳು ಹುಡುಗಿಯ ಚಿತ್ರದಲ್ಲಿ ಸತ್ತು, ಎದ್ದು, ಮೊಮ್ಮಗಳಿಗೆ ಬುದ್ಧಿ ಹೇಳಿ ಮತ್ತೆ ಸತ್ತೆ. ಬೆಳಿಗ್ಗೆ ನಮ್ಮವರು ಅಕ್ಕಿ ಡಬ್ಬದ ಮುಂದೆ ನಿಂತು, "ಏನೇ, ಇವತ್ತೂ ಸಾಯೋದಿದ್ಯಾ? ಒಬ್ಬನಿಗೇ ಅನ್ನ ಇಡ್ಲಾ?" ಎಂದು ಕೇಳುವುದು ರೂಢಿಯಾಯಿತು.

ಇವುಗಳ ನಡುವೆ ಬಸವರಾಜನ ಎರಡನೆಯ ಚಿತ್ರ ನಮ್ಮ ಮನೆಯಲ್ಲೇ ನಡೆಯಿತು. ಅದಕ್ಕೆ ನನ್ನದೊಂದು ದೊಡ್ಡ ಫೋಟೋ ಮಾಡಿಸಿ, ಗಂಧದ ಹಾರ ಹಾಕಿ, ಕುಂಕುಮವಿಟ್ಟು, ಕೆಂಪು ಸಣ್ಣ ಬಲ್ಬು ಸಿಕ್ಕಿಸಿ ನಡುಮನೆಯ ಗೋಡೆಗೆ ನೇತುಹಾಕಿದ್ದ. ಚಿತ್ರೀಕರಣ ಮುಗಿದ ಮೇಲೆ ಎಲ್ಲವನ್ನೂ ಒಯ್ದ, ಅದನ್ನು ಮರೆತ. ಮಾರನೆಯ ದಿನ ಮೂಲೆ ಮನೆಯ ಸಾವಿತ್ರಮ್ಮ ಮಗಳ ಮನೆಯಿಂದ ಎರಡು ತಿಂಗಳ ಮೇಲೆ ವಾಪಸು ಬಂದವರು, ಮಾತಾಡಿಸಿ ಹೋಗೋಣವೆಂದು ಒಳಗೆ ಕಾಲಿಟ್ಟರು. ಫೋಟೋ ನೋಡಿದರು. ಅವರು ಇಟ್ಟ ಗೋಳಿಗೆ ನಮ್ಮವರ ಕೈಯಲ್ಲಿದ್ದ ರಿಮೋಟು ಬಿದ್ದುಹೋಯಿತು.

"ಯಾವಾಗ್ ಹೋದ್ರು ಅಣ್ಣಾ? ಒಂದು ಫೋನ್ ಆದ್ರೂ ಮಾಡ್ಬಾರ್ದಾ?"

ನಮ್ಮವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಎಲ್ಲೂ ಹೋಗಿಲ್ವಲ್ಲ. ಒಳಗೆ ಹುರುಳಿಕಾಯಿ ಹೆಚ್ತಾ ಇದಾಳೆ," ಎಂದರು.

ಗಂಡಸಿಗೆ ತಲೆ ಕೆಟ್ಟಿದೆಯೆಂದು ಸಾವಿತ್ರಮ್ಮ ಇನ್ನೂ ಜೋರಾಗಿ ಅಳತೊಡಗಿದರು. ಆಗ ನಾನು ಚಾಕು ಹಿಡಿದುಕೊಂಡು ಹೊರಗೆ ಬಂದೆ. ಮುಂದಿನದನ್ನು ಬರೆಯುವುದು ಬೇಡ, ಅವರು ಈ ಪತ್ರಿಕೆಯನ್ನು ಓದುತ್ತಾರೆ.

ಹೀಗೆ ಹತ್ತು ಸಾವುಗಳು ಮುಗಿಯುವ ಹೊತ್ತಿಗೆ ವರ್ಷವೂ ಮುಗಿಯುತ್ತ ಬಂದಿತ್ತು. ಒಂದು ದಿನ ಧ್ವನಿ ಮೇಷ್ಟ್ರು ನನ್ನನ್ನು ಕರೆದು, "ಮೇಡಂ, ಬೇಜಾರು ಮಾಡ್ಕೋಬೇಡಿ. ಒಂದು ಡಬ್ಬಿಂಗ್ ಸ್ಟುಡಿಯೋದವರು ನಮ್ಮಲ್ಲಿ ಒಬ್ಬರನ್ನ ಆರು ತಿಂಗಳು ಕೆಲಸಕ್ಕೆ ತಗೋತಾರಂತೆ. ಕಿವಿ ನೋಡಿದ್ರೆ ನಿಮ್ಮನ್ನೇ ಕಳಿಸಬೇಕು. ಆದ್ರೆ ಒಂದಾದ್ರೂ ಚಿತ್ರಕ್ಕೆ ನೀವು ಧ್ವನಿ ಹಿಡಿದಿರಬೇಕಲ್ಲ. ನಿಮ್ಮ ಹೆಸರಲ್ಲಿ ಏನೂ ಇಲ್ಲ," ಎಂದರು.

ನಿಜವೇ. ಒಂದು ವರ್ಷ ಸಿನಿಮಾ ಶಾಲೆಯಲ್ಲಿದ್ದು ನಾನು ಮೈಕನ್ನು ಮುಟ್ಟಿದ್ದು ಮೂರು ಸಲ; ಅದರಲ್ಲಿ ಒಂದು ಸಲ ಒರೆಸುವುದಕ್ಕೆ. ಸಲಕರಣೆ ಸಿಗುವ ದಿನಗಳಲ್ಲೆಲ್ಲ ನಾನು ಎಲ್ಲೋ ಮಲಗಿರುತ್ತಿದ್ದೆ. ಮನೆಗೆ ಬಂದು ಅತ್ತೆ. ತಮಾಷೆಯಲ್ಲ, ನಿಜವಾಗಿ ಅತ್ತೆ. ಕರಪತ್ರದಲ್ಲಿದ್ದ ಅಷ್ಟೂ ಅವಕಾಶಗಳಲ್ಲಿ ನನಗೆ ಬೇಕಾದದ್ದು ಕೊನೆಯ ಸಾಲಿನದು, ಆ ಒಂದೇ ಒಂದು. ಅದನ್ನು ನಾನೇ ಇಲ್ಲವೆನ್ನಲಾರದೆ ಹೋಗಿ ಕಳೆದುಕೊಂಡಿದ್ದೆ. ನಮ್ಮವರು ಟೀವಿಯ ಸದ್ದು ತಗ್ಗಿಸಿ, "ಮುಂದಿನ ಸಲ ಕರೆಯೋಕೆ ಬಂದ್ರೆ ಬದುಕ್ತೀನಿ ಅನ್ನು," ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಕೊಟ್ಟ ಸಲಹೆಗಳಲ್ಲಿ ಅದೇ ಉತ್ತಮವಾದದ್ದು.

ಬಸವರಾಜನೇ ಬಂದ. ಅವನ ಕೊನೆಯ ಪರೀಕ್ಷೆಯ ಚಿತ್ರ. ಮನೆಯ ಮುಂದೆ ಹೆಣ, ಸುತ್ತ ಜನ, ಅಲ್ಲಿಂದ ಕಥೆ ಶುರು.

"ಸಾಯಲ್ಲ," ಎಂದೆ.

ಅವನ ಮುಖ ಬಾಡಿತು. "ಹಂಗಂದ್ರ ಹೆಂಗ್ರಿ ಅಮ್ಮಾರ? ನಿಮ್ಮನ್ನ ನಂಬಿ ಕಥಿ ಬರ್ದೀನಿ."

"ಸೌಂಡು ನಾನೇ ಮಾಡೋದಾದ್ರೆ ಸಾಯ್ತೀನಿ."

"ಎರಡೂ ಹೆಂಗ ಮಾಡ್ತೀರಿ?"

ಹೇಗೆಂದು ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಹೆಣದ ಹತ್ರ ಬಂದೇ ಅಲ್ವಾ ಎಲ್ರೂ ಅಳೋದು? ಮೈಕಿಗೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?"

ಅವನು ಕಾಫಿ ಆರುವವರೆಗೂ ಯೋಚಿಸಿ ಒಪ್ಪಿದ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಜಗುಲಿಯಲ್ಲಿ ಚಾಪೆ ಹಾಸಿ ನನ್ನನ್ನು ಮಲಗಿಸಿದರು. ಸೇವಂತಿಗೆ ಹಾರದೊಳಗೆ ಬೆರಳಿನ ತುದಿಯಷ್ಟು ಮೈಕು. ಅದರ ತಂತಿ ಸೀರೆಯೊಳಗೆ. ರೆಕಾರ್ಡರು ಬೆನ್ನ ಕೆಳಗೆ. ಕಿವಿಗೆ ಸಿಕ್ಕಿಸಿದ ಇಯರ್‌ಫೋನು ಕಾಣದಂತೆ ತಲೆಗೆ ಸೆರಗು. ಗೇಟಿನ ಹತ್ತಿರ ಕೊಳ್ಳಿಯಿಟ್ಟು ಹೊಗೆಯೆಬ್ಬಿಸಿದ್ದರು. ಬಸವರಾಜ ಕ್ಯಾಮೆರಾವನ್ನು ಒಳಗಿಟ್ಟು ಕಿಟಕಿಯ ಸರಳಿನ ಸಂದಿನಿಂದ ತೆಗೆಯುತ್ತಿದ್ದ. ಹಾಗೆ ತೆಗೆದರೆ ನಿಜದಂತೆ ಕಾಣುತ್ತದಂತೆ. ಅಳುವುದಕ್ಕೆ ನಮ್ಮ ಬೀದಿಯವರೇ ಬಂದಿದ್ದರು. ಮುಂದಾಳು ಸಾವಿತ್ರಮ್ಮ. ನನಗಾಗಿ ಒಮ್ಮೆ ಅತ್ತ ಅನುಭವವಿತ್ತಲ್ಲ.

ಮೊದಲನೆಯ ಸಲ ಅಳು ಚೆನ್ನಾಗಿಯೇ ಏರುತ್ತಿತ್ತು. ನಡುವೆ ಗರ್ ಎಂದು ಶುರುವಾಯಿತು. ನಾನು ಚಾಪೆಯ ಮೇಲಿನಿಂದ ಕೈಯೆತ್ತಿ, "ಕಟ್! ಪಕ್ಕದ್ಮನೇಲಿ ದೋಸೆ ಹಿಟ್ಟು ರುಬ್ತಾ ಇದಾರೆ," ಎಂದೆ.

"ಹೆಣ ಕಟ್ ಅನ್ಬಾರದ್ರೀ!" ಎಂದು ಬಸವರಾಜ ಕಿಟಕಿಯಿಂದ ಕೂಗಿದ.

ಎರಡನೆಯ ಸಲ ಹಿಟ್ಟು ರುಬ್ಬಿ ಮುಗಿದಿತ್ತು, ಆದರೆ ಆ ದೋಸೆಯ ಯೋಚನೆಗೆ ಹೆಣದ ಹೊಟ್ಟೆಯೇ ಗುರುಗುಟ್ಟಿತು. ಮೈಕು ಅದಕ್ಕೆ ತೀರ ಹತ್ತಿರವಿತ್ತು. ನನ್ನ ಕಿವಿಗೆ ಗುಡುಗಿದ ಹಾಗಾಯಿತು. ಮತ್ತೆ ಕಟ್.

ಮೂರನೆಯ ಸಲ ಎಲ್ಲರೂ ಅತ್ತರು. ಕಣ್ಣು ಮುಚ್ಚಿ ಮಲಗಿ ಒಂದೊಂದೇ ಅಳುವನ್ನು ಗುರುತು ಹಿಡಿಯುತ್ತಿದ್ದೆ. ಇದು ಸಾವಿತ್ರಮ್ಮನದು, ಧಾರಾವಾಹಿಯಿಂದ ಕಲಿತದ್ದು. ಇದು ಎದುರು ಮನೆಯ ಆಂಟಿಯದು, ನಗು ತಡೆದುಕೊಂಡದ್ದು. ಅಷ್ಟರಲ್ಲಿ ಇನ್ನೊಂದು ಬಂತು. ಗಂಡಸಿನ ದನಿ, ವಯಸ್ಸಾದದ್ದು. ಮೊದಲು ಉಸಿರು ಸಿಕ್ಕಿಕೊಂಡಂತಾಗಿ, ಆಮೇಲೆ ಎದೆಯ ಒಳಗಿನಿಂದ ಏನೋ ಕಿತ್ತುಬಂದ ಹಾಗೆ. ಹಾರದ ಮೇಲೇ ಯಾರೋ ಬಾಗಿದ್ದರು. ಆ ಸದ್ದು ನನ್ನ ಎರಡೂ ಕಿವಿಗಳಲ್ಲಿ ತುಂಬಿಕೊಂಡಿತು. ಅಷ್ಟು ವರ್ಷ ಪರರ ದನಿ ಕೇಳಿದ ಕಿವಿ ಇದು. ಸುಳ್ಳು ಅಳು ಯಾವುದು, ನಿಜದ್ದು ಯಾವುದು ಎಂದು ಇದಕ್ಕೆ ಹೇಳಿಕೊಡಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ನನಗಾಗಿ ಹೀಗೆ ಅಳುವವರು ಯಾರು?

ತಡೆಯಲಾಗಲಿಲ್ಲ. ಒಂದು ಕಣ್ಣು ತೆರೆದೆ.

ಸ್ವೆಟರು, ಮಂಕಿ ಟೋಪಿ, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ನಾನು ಎಂದೂ ನೋಡಿರದ ಒಬ್ಬ ಮುದುಕರು. ಅವರೂ ನನ್ನ ಆ ಒಂದು ಕಣ್ಣನ್ನು ನೋಡಿದರು.

"ಅಯ್ಯೋ ತಾಯೀ!"

ಹಾಲಿನ ಪ್ಯಾಕೆಟ್ಟು ನೆಲಕ್ಕೆ ಬಿದ್ದು ಒಡೆಯಿತು. ಅವರು ಅಲ್ಲೇ ಕುಸಿದು ಕುಳಿತರು. ನಾನು ಎದ್ದು ಕುಳಿತೆ, ಅದು ಇನ್ನೂ ದೊಡ್ಡ ತಪ್ಪಾಯಿತು. ಹಾರ, ವಿಭೂತಿ, ತಂತಿ ಎಲ್ಲದರ ಸಮೇತ ಹೆಣ ತಮ್ಮ ಕಡೆಗೆ ಬರುವುದನ್ನು ನೋಡಿ ಅವರು ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡರು. ನಮ್ಮವರು ನೀರು ತಂದರು, ಸಾವಿತ್ರಮ್ಮ ಗಾಳಿ ಹಾಕಿದರು. ಬಸವರಾಜ ಓಡಿಬಂದು, "ಅಜ್ಜಾರ, ಸಿನಿಮಾ ರೀ, ಸಿನಿಮಾ!" ಎಂದು ಅವರ ಕಾಲು ಹಿಡಿದುಕೊಂಡ.

ಉಸಿರು ಸರಿಯಾದ ಮೇಲೆ ಅವರು ನನ್ನನ್ನೇ ನೋಡಿ ಬೈದರು. "ಸಾವಿನ ಜೊತೆ ಆಟ ಆಡ್ತೀರೇನಮ್ಮಾ? ಬುದ್ಧಿ ಬೇಡ್ವಾ ಈ ವಯಸ್ಸಲ್ಲಿ?" ದನಿ ನಾಲ್ಕು ಮನೆಗೆ ಕೇಳುವಷ್ಟು ಜೋರು. ನಾನು ತಲೆ ತಗ್ಗಿಸಿ ನಿಂತೆ. ಒಂದು ವರ್ಷದಿಂದ ನಗುನಗುತ್ತ ಸಾಯುತ್ತಿದ್ದವಳಿಗೆ ಅದರಲ್ಲಿ ಬೇರೆಯವರಿಗೆ ನೋವಾಗಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಕಾಫಿ ಕೊಟ್ಟೆವು. ಅರ್ಧ ಲೋಟ ಇಳಿದ ಮೇಲೆ ಅವರ ಕೋಪವೂ ಇಳಿಯಿತು. ಹೆಸರು ಚಿಕ್ಕಣ್ಣ. ಎರಡು ಬೀದಿ ಆಚೆ ಮಗನ ಮನೆಯಲ್ಲಿದ್ದಾರೆ. ಬಿನ್ನಿಪೇಟೆ ಕಡೆ ಮಿಲ್ಲಿನಲ್ಲಿ ಮಗ್ಗದ ಕೆಲಸ ಮಾಡಿದವರು. ಮಗ್ಗಗಳ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಿದ ದನಿ ಹಾಗೇ ಉಳಿದುಬಿಟ್ಟಿದೆ, ಕಿವಿ ಅರ್ಧ ಹೋಗಿದೆ. ಗೇಟಿನಲ್ಲಿ ಹೊಗೆ ಕಂಡು, ಯಾರೋ ಹೋಗಿದ್ದಾರೆ, ಕೈ ಮುಗಿದು ಹೋಗೋಣವೆಂದು ಬಂದಿದ್ದರು.

"ಗುರುತೇ ಇಲ್ದೋರಿಗೆ ಅಷ್ಟೊಂದು ಅತ್ರಲ್ಲಾ," ಎಂದು ಅವರ ಕಿವಿಯ ಹತ್ತಿರ ಕೇಳಿದೆ.

ಅವರು ಲೋಟದೊಳಗೆ ನೋಡುತ್ತ ಹೇಳಿದರು. "ನಮ್ಮಕ್ಕ ಇದ್ಲು ಕಣಮ್ಮ. ನನ್ನ ಸಾಕ್ದೋಳು ಅವಳೇ. ಅವಳು ಹೋದಾಗ ಮನೆ ತುಂಬ ಜನ. ಅವರಿಗೆ ಹೇಳು, ಇವರಿಗೆ ಹೇಳು, ಗಾಡಿ ಕರೆಸು, ಹೂವು ತರಿಸು. ಎಲ್ಲಾ ನಾನೇ. ಅಳೋಕೆ ಪುರುಸೊತ್ತೇ ಆಗ್ಲಿಲ್ಲ. ಆಮೇಲೆ ಬರ್ಲೂ ಇಲ್ಲ. ನೀವು ಹಿಂಗೇ ಸೆರಗು ಹೊದ್ದು ಮಲಗಿದ್ರಲ್ಲ... ಅವಳೂ ಹಿಂಗೇ ಹೊದೀತಿದ್ಲು. ಇವತ್ತು ಬಂದ್ಬಿಡ್ತು."

ಸಾವಿತ್ರಮ್ಮ ಮೂಗೊರೆಸಿಕೊಂಡರು. ಅದು ಧಾರಾವಾಹಿಯದಲ್ಲ.

ಅಷ್ಟು ಹೊತ್ತೂ ನನ್ನ ಬೆನ್ನ ಕೆಳಗಿದ್ದ ರೆಕಾರ್ಡರು ಚಾಪೆಯ ಮೇಲೆ ಓಡುತ್ತಲೇ ಇತ್ತು. ಬಸವರಾಜ ಅದನ್ನು ನೋಡಿದ, ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿದ್ದ ಆಸೆ ನನ್ನದೂ ಆಗಿತ್ತು, ಸುಳ್ಳೇಕೆ ಹೇಳಲಿ. ಅಂಥ ಸದ್ದು ಆ ಶಾಲೆಯಲ್ಲಿ ಯಾರ ಮೈಕಿಗೂ ಸಿಕ್ಕಿರಲಿಲ್ಲ. ಆದರೆ ಕದ್ದು ಕೇಳಬಾರದು ಎನ್ನುವುದು ಟ್ರಂಕ್ ಆಪರೇಟರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. (ನಾವು ಕೇಳುತ್ತಿದ್ದೆವು, ಆ ಮಾತು ಬೇರೆ.) ದೊಡ್ಡ ಹೆಡ್‌ಫೋನು ತಂದು ಚಿಕ್ಕಣ್ಣನವರ ಮಂಕಿ ಟೋಪಿಯ ಮೇಲೆ ಹಾಕಿ, ಸದ್ದು ಪೂರ್ತಿ ಏರಿಸಿ, ಕೇಳಿಸಿದೆ.

ಅವರು ಅಲುಗಾಡದೆ ಕೇಳಿದರು. ಮುಗಿದ ಮೇಲೆ, "ಇನ್ನೊಂದ್ಸಲ ಹಾಕಿ," ಎಂದರು. ಹಾಕಿದೆ.

"ಇಷ್ಟು ಜೋರಾಗಿ ಅತ್ನಾ ನಾನು?"

"ಹೂಂ."

"ಅಕ್ಕನಿಗೆ ಕೇಳಿಸಿರ್ತದೆ ಬಿಡಿ."

"ಇದನ್ನ ಸಿನಿಮಾದಲ್ಲಿ ಹಾಕ್ಕೊಳ್ಳೋಣ ಅಂತ ಈ ಹುಡುಗನಿಗೆ ಆಸೆ. ನೀವು ಬೇಡ ಅಂದ್ರೆ ಈಗಲೇ ನಿಮ್ಮೆದುರಿಗೇ ಅಳಿಸಿಬಿಡ್ತೀನಿ."

ಅವರು ಹೆಡ್‌ಫೋನು ತೆಗೆದು ನನ್ನ ಕೈಗಿಟ್ಟರು. "ಹಾಕ್ಕೊಳ್ಳಿ. ಆದ್ರೆ ನನ್ನ ಹೆಸರು ಹಾಕ್ಬೇಕು. ಸುಮ್ನೆ ಅತ್ತಿಲ್ಲ ನಾನು."

ಬಸವರಾಜ ಅಂದೇ ತನ್ನ ಕಥೆಯನ್ನು ತಿದ್ದಿದ. ನಾನು ಸತ್ತ ದಿನ ಗುರುತಿಲ್ಲದ ಒಬ್ಬರು ಬಂದು ಅಳುವ ಕಥೆಯಾಯಿತು ಅದು. ಆ ಚಿತ್ರದ ತುಣುಕನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಸ್ಟುಡಿಯೋಕ್ಕೆ ಹೋದೆ. ಅಲ್ಲಿನ ಯಜಮಾನರು ಕೇಳಿ, "ಮೈಕ್ ಎಲ್ಲಿಟ್ಟಿದ್ರಿ?" ಎಂದರು.

"ಎದೆ ಮೇಲೆ, ಹಾರದೊಳಗೆ."

"ಯಾರ ಎದೆ ಮೇಲೆ?"

"ನನ್ನದೇ."

"ಹಾಗಾದ್ರೆ ರೆಕಾರ್ಡ್ ಮಾಡಿದ್ದು ಯಾರು?"

"ಹೆಣವೇ ಸಾರ್."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು. ಆಮೇಲೆ ಇನ್ನೂ ಹತ್ತು ಸದ್ದುಗಳನ್ನು ಹಾಕಿ ಏನೇನು ಕೇಳಿಸುತ್ತದೆ ಎಂದು ಕೇಳಿದರು. ಒಂದರಲ್ಲಿ ನಾಯಕ ಪ್ರೀತಿಯ ಮಾತಾಡುತ್ತಿದ್ದ. ಇವರಿಗೆ ಶೀತವಾಗಿದೆ, ಪಕ್ಕದಲ್ಲಿ ಯಾರೋ ಚಿಪ್ಸ್ ತಿನ್ನುತ್ತಿದ್ದಾರೆ ಎಂದೆ. ಸೋಮವಾರದಿಂದ ಬನ್ನಿ ಎಂದರು.

ಶಾಲೆಯಲ್ಲಿ ಚಿತ್ರ ತೋರಿಸಿದ ದಿನ ಪ್ಲೈವುಡ್ ಅಂಗಡಿಯವರನ್ನು ಬೇಡಿಕೊಂಡು ಗರಗಸ ನಿಲ್ಲಿಸಿದ್ದರು. ನಮ್ಮ ಬೀದಿಯೇ ಬಂದಿತ್ತು. ಚಿಕ್ಕಣ್ಣನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಪರದೆಯ ಮೇಲೆ ಹೊಗೆ, ಗೇಟು, ಚಾಪೆ. ಆಮೇಲೆ ಆ ಅಳು. ಕತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದೂ ಕಿರ್ರೆನ್ನಲಿಲ್ಲ. ಧ್ವನಿ ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದುದು ನನಗೆ ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಚಿಕ್ಕಣ್ಣನವರು ಎದ್ದು ನಿಂತು, ಹಿಂದಕ್ಕೆ ತಿರುಗಿ, ಮಗ್ಗಗಳ ನಡುವೆ ಕೂಗಿದ ಹಾಗೆ ಕೂಗಿ ಹೇಳಿದರು:

"ಇದು ನಾನೇ ಕಣ್ರಪ್ಪಾ! ನಮ್ಮಕ್ಕನಿಗೆ ಅತ್ತಿದ್ದು!"

ಬಸವರಾಜ ತಲೆಯ ಮೇಲೆ ಕೈ ಹೊತ್ತ. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಇಡೀ ಕೋಣೆ ತಟ್ಟಿತು. ಆ ಚಿತ್ರದ ಕೊನೆಯ ಎರಡು ನಿಮಿಷಗಳ ಧ್ವನಿಯನ್ನು, ನಾನು ಹದಿನೈದು ದಿನ ಕೂತು ಸರಿಮಾಡಿದ್ದನ್ನು, ಯಾರೂ ಕೇಳಲಿಲ್ಲ.

ಹೊರಗೆ ಚಿತ್ರಾನ್ನ ಹಂಚುತ್ತಿದ್ದಾಗ ನೋಡುತ್ತೇನೆ, ಹೊಸ ಬ್ಯಾಚಿನ ಮಕ್ಕಳೆಲ್ಲ ಚಿಕ್ಕಣ್ಣನವರನ್ನು ಮುತ್ತಿಕೊಂಡಿದ್ದಾರೆ. ಸ್ವಲ್ಪ ಹೊತ್ತಿಗೆ ಅವರು ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದು ಗುಟ್ಟು ಹೇಳುವವರಂತೆ ಬಾಗಿ, ಎಲ್ಲರಿಗೂ ಕೇಳುವಂತೆ ಕೇಳಿದರು:

"ಏನಮ್ಮಾ, ಆ ಹುಡುಗ್ರು ಸಾಯೋಕೆ ಕರೀತಾವ್ರೆ. ಒಬ್ಬನ್ದಲ್ಲ, ಮೂರು ಜನದ್ದು. ಹೋಗ್ಲಾ?"

"ಹೋಗಿ. ಒಳ್ಳೆ ಅವಕಾಶ."

"ಎಷ್ಟು ಹೊತ್ತು ಮಲಗ್ಬೇಕಾಗ್ತದೆ?"

"ಹತ್ತು ನಿಮಿಷ ಅಂತಾರೆ. ಮಧ್ಯಾಹ್ನ ಆಗುತ್ತೆ."

ಅವರು ಚಿತ್ರಾನ್ನದ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಮಧ್ಯಾಹ್ನದವರೆಗೂನಾ? ಹಂಗಾದ್ರೆ ಬತ್ತೀನಿ ಅಂತ ಹೇಳ್ಬಿಡಿ. ಮನೇಲಿ ಅಷ್ಟು ಹೊತ್ತು ಯಾರು ನೆಮ್ಮದಿಯಾಗಿ ಮಲಗೋಕೆ ಬಿಡ್ತಾರೆ?"